ಡಿಸೆಂಬರ್ ಕೊನೇ ವಾರ ಮೈಸೂರು: ಇಬ್ಬರು ಸಣ್ಣ ಮಕ್ಕಳು, ಮೊಣಕಾಲು ನೋವಿನ ಅತ್ತೆ, ಮೂರು ದಿನ. ಪ್ಲಾನ್ ಸರಿ ಇದೆಯಾ?

ವಿದ್ಯಾನಗರ_ಹುಬ್ಬಳ್ಳಿ
ಎಲ್ಲಾರಿಗೂ ನಮಸ್ಕಾರ್ರಿ. ಕ್ರಿಸ್‌ಮಸ್ ರಜಾದಾಗ ಮೈಸೂರಿಗೆ ಬರಬೇಕಂತ ಮಾಡೇವಿ. ಭಾನುವಾರ ನಸುಕಿನ್ಯಾಗ ರೈಲು ಇಳೀತೀವಿ, ಮಂಗಳವಾರ ರಾತ್ರಿ ರೈಲಿಗೆ ವಾಪಸ್. ಮಗಳಿಗೆ 8, ಮಗಗ 3. ಕೂಡ ನಮ್ಮ ಅತ್ತಿಯವರು ಬರ್ತಾರ, ಅವರಿಗೆ ಮೊಣಕಾಲ ನೋವು, ಮೆಟ್ಟಲ ಹತ್ತೂದು ಆಗಂಗಿಲ್ಲ. ಸ್ವಂತ ಗಾಡಿ ಇಲ್ಲ, ಬಸ್ಸು ಆಟೋನೇ. ಸದ್ಯಕ್ಕ ಹಿಂಗ ಬರ್ಕೊಂಡೇವಿ:
ಭಾನುವಾರ: ಚಾಮುಂಡಿ ಬೆಟ್ಟ, ಅರಮನಿ, ಸಂಜಿಮುಂದ ಕೆಆರ್‌ಎಸ್.
ಸೋಮವಾರ: ರಂಗನತಿಟ್ಟು, ಶ್ರೀರಂಗಪಟ್ಟಣ, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ.
ಮಂಗಳವಾರ: ಪೂರಾ ದಿನ ಜೂ.
ಇದು ನಡಿತೈತೇನ್ರಿ? ಎಲ್ಲಿ ತಪ್ಪೇತಿ ಹೇಳ್ರಿ.

ಇಟ್ಟಿಗೆಗೂಡು_ನಿವಾಸಿ
ನಡೆಯಲ್ಲ ಮೇಡಂ. ಮಂಗಳವಾರ ಮೃಗಾಲಯಕ್ಕೆ ವಾರದ ರಜೆ. ಪಕ್ಕದ ಕಾರಂಜಿ ಕೆರೆಗೂ ಅವತ್ತೇ ರಜೆ. ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಸೋಮವಾರ ಮುಚ್ಚಿರುತ್ತೆ. ಎರಡನ್ನೂ ಹುಡುಕಿ ಹುಡುಕಿ ರಜೆಯ ದಿನಕ್ಕೇ ಇಟ್ಟಿದ್ದೀರಿ! ದಸರಾ ಹೊತ್ತಿನಲ್ಲಿ, ದೊಡ್ಡ ರಜೆಗಳಲ್ಲಿ ಕೆಲವು ಸಲ ಮಂಗಳವಾರವೂ ಜೂ ತೆರೆಯುತ್ತಾರೆ, ಆದರೆ ಅದು ಪತ್ರಿಕೆಯಲ್ಲಿ ಪ್ರಕಟಣೆ ಬಂದ ಮೇಲಿನ ಮಾತು. ಅದನ್ನು ನಂಬಿಕೊಂಡು ಹೊರಡಬೇಡಿ.

ತಿರುಗಿಸಿ ಹಾಕಿಕೊಳ್ಳಿ. ಭಾನುವಾರ ಅರಮನೆ, ಯಾಕೆಂದರೆ ದೀಪಾಲಂಕಾರ ಇರುವುದು ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆಗಳಲ್ಲಿ. ಸೋಮವಾರ ಬೆಳಗ್ಗೆ ಜೂ, ಕಾರಂಜಿ ಕೆರೆ. ಮಂಗಳವಾರ ರಂಗನತಿಟ್ಟು, ಶ್ರೀರಂಗಪಟ್ಟಣ. ಬೆಟ್ಟವನ್ನು ನಡುವೆ ಎಲ್ಲಾದರೂ ಸೇರಿಸಬಹುದು. ಕೆಆರ್‌ಎಸ್ ಬಿಡಿ, ಕಾರಣವನ್ನು ಇನ್ನೊಬ್ಬರು ಹೇಳುತ್ತಾರೆ.

ಬೆಳಗೊಳದವ
ಆ ಇನ್ನೊಬ್ಬ ನಾನೇ ಇರಬೇಕು. 😄 ಬೃಂದಾವನಕ್ಕೆ ಹೋಗುವ ಎಲ್ಲರೂ ನೋಡಬೇಕೆಂದಿರುವುದು ಸಂಗೀತ ಕಾರಂಜಿಯನ್ನು. ಅದಿರುವುದು ಗೇಟಿನ ಹತ್ತಿರ ಅಲ್ಲ. ಪಾರ್ಕಿಂಗಿನಿಂದ ಒಳಗೆ ಬಂದು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ ದಾಟಿ, ದೋಣಿ ಬಿಡುವ ಕೊಳದ ಆಚೆಯ ದಡಕ್ಕೆ ಸೇತುವೆ ಮೇಲೆ ನಡೆದು ಹೋಗಬೇಕು. ಹೋಗುವಾಗ ಬೆಳಕಿರುತ್ತೆ, ಖುಷಿಯಾಗಿರುತ್ತೆ. ಬರುವಾಗ ಕತ್ತಲು, ಶೋ ಮುಗಿದ ಕೂಡಲೇ ಇಡೀ ಜನ ಒಟ್ಟಿಗೆ ಅದೇ ಸೇತುವೆಗೆ ನುಗ್ಗುತ್ತಾರೆ, ಮೂರು ವರ್ಷದ ಮಗು ಅಷ್ಟರಲ್ಲಿ ಹೆಗಲ ಮೇಲೆ ನಿದ್ದೆ. ಮೊಣಕಾಲು ನೋವಿನವರಂತೂ ಆ ನೂಕಾಟದಲ್ಲಿ ನಿಲ್ಲಲಾರರು. ಆಮೇಲೆ ಊರಿಗೆ 20 ಕಿಲೋಮೀಟರ್ ಹತ್ತಿರ, ಬಸ್ಸು ತುಂಬಿ ತುಳುಕುತ್ತಿರುತ್ತೆ. ಕ್ರಿಸ್‌ಮಸ್ ವಾರದ ಭಾನುವಾರ ಬೇಡವೇ ಬೇಡ.

ಸರಸ್ವತಿಪುರಂ_ಮಾಮಿ
ಎಂಟು ವರ್ಷದ ಹುಡುಗಿಗೆ ಆ ಕಾರಂಜಿ ಜನ್ಮಕ್ಕೂ ನೆನಪಿರುತ್ತೆ, ಪೂರ್ತಿ ಬಿಡಿ ಅನ್ನೋದು ಅನ್ಯಾಯ. ಅತ್ತೆಯವರನ್ನೂ ಚಿಕ್ಕವನನ್ನೂ ರೂಮಿನಲ್ಲಿ ಬಿಟ್ಟು ಸೋಮವಾರ ಒಬ್ಬರು ಕರೆದುಕೊಂಡು ಹೋಗಬಹುದಲ್ಲ? ಶೋ ಶುರುವಾಗುವುದಕ್ಕೆ ಒಂದು ಗಂಟೆ ಮೊದಲೇ ಆಚೆ ದಡ ಸೇರಿಕೊಂಡು, ಕೊನೆಯ ಹಾಡಿನವರೆಗೆ ಕೂರದೆ ಒಂದೆರಡು ಹಾಡು ಮೊದಲೇ ಎದ್ದರೆ ಸೇತುವೆ ಖಾಲಿ ಸಿಗುತ್ತೆ.

ಬೆಳಗೊಳದವ
ಮೊದಲೇ ಏಳುವ ಉಪಾಯ ಸರಿ, ಒಪ್ಪಿದೆ. ಆದರೆ ಅವತ್ತು ಬೆಳಗ್ಗೆಯೇ ಜೂ ಸುತ್ತಿದ ಹುಡುಗಿಗೆ ಸಂಜೆ ಮತ್ತೆ ಅಷ್ಟು ದೂರ ನಡೆಸುವುದು ನನಗೆ ಸರಿ ಕಾಣಲ್ಲ.

ಕಾರಂಜಿ_ದಂಡೆ
ಜೂ ಬಗ್ಗೆ ಸ್ವಲ್ಪ ವಿವರವಾಗಿ ಬರೀತೀನಿ, ಯಾಕೆಂದರೆ ಇಲ್ಲಿ ಎಡವಿದರೆ ದಿನವೇ ಹೋಗುತ್ತೆ.

ಬೆಳಗ್ಗೆ 8.30ಕ್ಕೆ ತೆರೆಯುತ್ತೆ, ಸಂಜೆ 5.30ರವರೆಗೆ. ಟಿಕೆಟನ್ನು ಹಿಂದಿನ ದಿನವೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. ರಜೆ ವಾರದಲ್ಲಿ ಕೌಂಟರಿನ ಸಾಲು ರಸ್ತೆಗೆ ಬಂದಿರುತ್ತೆ. ಕಾರಂಜಿ ಕೆರೆಯೂ ಸೇರಿದ ಜಂಟಿ ಟಿಕೆಟ್ ಇದೆ, ಅದನ್ನೇ ತೆಗೆದುಕೊಳ್ಳಿ. ಸೋಮವಾರ ಜನ ಇರಲ್ಲ ಅಂದುಕೊಳ್ಳಬೇಡಿ. ಡಿಸೆಂಬರ್ ಶಾಲಾ ಪ್ರವಾಸದ ತಿಂಗಳು, ಹತ್ತು ಗಂಟೆಯ ನಂತರ ಬಸ್ಸುಗಟ್ಟಲೆ ಮಕ್ಕಳು ಇಳಿಯುತ್ತಾರೆ. 8.30ಕ್ಕೆ ಒಳಗಿದ್ದರೆ ಅವರಿಗಿಂತ ಒಂದೂವರೆ ಗಂಟೆ ಮುಂದಿರುತ್ತೀರಿ.

ಬೇಗ ಹೋಗುವುದಕ್ಕೆ ಇನ್ನೊಂದು ಕಾರಣ ಪ್ರಾಣಿಗಳದ್ದೇ. ಹುಲಿ, ಸಿಂಹ, ಚಿರತೆ ಬಿಸಿಲೇರಿದ ಮೇಲೆ ಮರದ ಬುಡದಲ್ಲೋ ಬಂಡೆ ಮರೆಯಲ್ಲೋ ಮಲಗಿಬಿಡುತ್ತವೆ, ಮಕ್ಕಳಿಗೆ ಬಾಲ ಮಾತ್ರ ಕಾಣುತ್ತೆ. ಬೆಳಗಿನ ಎರಡು ಗಂಟೆ ಓಡಾಡಿಕೊಂಡಿರುತ್ತವೆ. ಸಂಜೆ ನಾಲ್ಕರ ಮೇಲೆ ಮತ್ತೆ ಏಳುತ್ತವೆ, ಆದರೆ ಮುಚ್ಚುವ ಹೊತ್ತಾಗುವಾಗ ಅವನ್ನು ರಾತ್ರಿಯ ಮನೆಗೆ ಸೇರಿಸಲು ಶುರು ಮಾಡುತ್ತಾರೆ. ಹಾಗಾಗಿ ಬೆಳಗ್ಗೆಯೇ ವಾಸಿ.

ಒಳಗಿನ ದಾರಿ ಸುಮಾರು 3 ಕಿಲೋಮೀಟರ್, ಬಾಣದ ಗುರುತು ಹಿಡಿದು ಒಂದೇ ದಿಕ್ಕಿಗೆ ಹೋಗಬೇಕು, ನಡುವೆ ಸುಸ್ತಾಯಿತು ಅಂತ ಹಿಂದಕ್ಕೆ ಬರುವುದು ಕಷ್ಟ. ಅತ್ತೆಯವರಿಗೆ ಬ್ಯಾಟರಿ ಗಾಡಿ ಇದೆ. ಅದಕ್ಕೆ ಬೇರೆ ಟಿಕೆಟ್. ಒಳಗೆ ಕಾಲಿಟ್ಟ ಕೂಡಲೇ ಮೊದಲು ಅದನ್ನು ಮಾಡಿಸಿ, ತಡವಾದರೆ ಕಾಯಬೇಕಾಗುತ್ತೆ. ಆದರೆ ಇಡೀ ಕುಟುಂಬ ಗಾಡಿ ಹತ್ತಬೇಡಿ. ಅದು ಎಲ್ಲ ಕಡೆ ನಿಲ್ಲಲ್ಲ, ನಿಂತಲ್ಲೂ ಚಾಲಕ ಹೊರಟಾಗ ಹೊರಡಬೇಕು. ಜಿರಾಫೆ ನೋಡುತ್ತಾ ನಿಂತ ಎಂಟು ವರ್ಷದ ಹುಡುಗಿಗೆ ಅದು ಸಾಲಲ್ಲ. ಅಜ್ಜಿ, ಮೊಮ್ಮಗ, ಜತೆಗೆ ಒಬ್ಬರು ದೊಡ್ಡವರು ಗಾಡಿಯಲ್ಲಿ. ಮಗಳು, ಇನ್ನೊಬ್ಬರು ನಡೆದು. ಎಲ್ಲಿ ಸೇರುವುದು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ.

ಪ್ಲಾಸ್ಟಿಕ್ ತಪಾಸಣೆ ಜೋರು. ಬ್ಯಾಗ್ ಬಿಚ್ಚಿ ನೋಡುತ್ತಾರೆ. ಚಿಪ್ಸ್, ಬಿಸ್ಕತ್ತಿನ ಕವರು ಒಳಗೆ ಬಿಡಲ್ಲ. ನೀರಿನ ಪ್ಲಾಸ್ಟಿಕ್ ಬಾಟಲಿಗೆ ಠೇವಣಿ ಕಟ್ಟಿಸಿಕೊಂಡು ಸ್ಟಿಕ್ಕರ್ ಅಂಟಿಸುತ್ತಾರೆ, ಹೊರಗೆ ಬರುವಾಗ ತೋರಿಸಿದರೆ ದುಡ್ಡು ವಾಪಸ್. ಸ್ಟೀಲ್ ಬಾಟಲಿ ತಂದರೆ ಈ ರಗಳೆ ಇಲ್ಲ. ಹಿಂದೆ ಪ್ರಾಣಿಗಳು ಕವರ್ ನುಂಗಿ ತೊಂದರೆಯಾದ ಕಾರಣಕ್ಕೇ ಈ ಬಿಗಿ, ಸಿಬ್ಬಂದಿ ಜತೆ ವಾದ ಮಾಡಿ ಪ್ರಯೋಜನವಿಲ್ಲ.

ಮಕ್ಕಳಿಗೆ ತಪ್ಪಿಸಬಾರದ್ದು ಗೊರಿಲ್ಲಾ. ದೇಶದ ಬೇರೆ ಜೂಗಳಲ್ಲಿ ನೋಡಲು ಸಿಗುವುದು ಅಪರೂಪ. 2021ರಲ್ಲಿ ಜರ್ಮನಿಯಿಂದ ಬಂದ ಇಬ್ಬರು ಸಹೋದರರು, ಥಾಬೊ ಮತ್ತು ಡೆಂಬಾ. ಅಲ್ಲಿ ಗಾಜು ಬಡಿಯಲು, ಕೂಗಲು ಮಕ್ಕಳನ್ನು ಬಿಡಬೇಡಿ. ಹಾವಿನ ಮನೆಯಲ್ಲಿ ಅನಕೊಂಡ ಇದೆ. ಒಳಗೆ ಕತ್ತಲು, ಮೂರು ವರ್ಷದವನು ಹೆದರಿದರೆ ಎತ್ತಿಕೊಂಡು ಬೇಗ ದಾಟಿ.

ತಾವರೆಕಟ್ಟೆ
ಮೇಲಿನವರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಮೃಗಾಲಯ 1892ರದ್ದು, ಮರಗಳೂ ಅಷ್ಟೇ ಹಳೆಯವು, ನೆರಳಿಗೇನೂ ಕೊರತೆಯಿಲ್ಲ. ಟೋಪಿಗಿಂತ ಮುಖ್ಯ ಒಳ್ಳೆಯ ಚಪ್ಪಲಿ. ಹೊಸ ಶೂ ಹಾಕಿಸಿಕೊಂಡು ಬಂದ ಮಕ್ಕಳು ಅರ್ಧ ದಾರಿಯಲ್ಲಿ ಕುಂಟುವುದನ್ನು ದಿನಾ ನೋಡಬಹುದು.

ವಿದ್ಯಾನಗರ_ಹುಬ್ಬಳ್ಳಿ
ಭಾಳ ಉಪಕಾರ ಆತ್ರಿ. ಜೂ ಮುಗಿಸಿ ಅವತ್ತ ಕಾರಂಜಿ ಕೆರಿ ನೋಡೂದು ಆಗ್ತೈತೇನು? ಹುಡುಗರು ದಣೀತಾವಲ್ಲ. ಮತ್ತ ಬೆಟ್ಟ ಯಾವಾಗ ಹತ್ತೂದು?

ಕಾರಂಜಿ_ದಂಡೆ
ಜೂ ಹನ್ನೊಂದೂವರೆ–ಹನ್ನೆರಡಕ್ಕೆ ಮುಗಿಯುತ್ತೆ. ಕಾರಂಜಿ ಗೇಟು ಪಕ್ಕದಲ್ಲೇ. ಅಲ್ಲಿ ಕೆರೆ ಪೂರ್ತಿ ಸುತ್ತಬೇಕಾಗಿಲ್ಲ. ನೇರವಾಗಿ ಪಕ್ಷಿಗಳ ದೊಡ್ಡ ಬಲೆಮನೆಗೆ ಹೋಗಿ. ನಾವೇ ಒಳಗೆ ಹೊಕ್ಕು ನಡೆಯುವಂಥದ್ದು, ನವಿಲುಗಳು ಮಾರು ದೂರದಲ್ಲಿ ಓಡಾಡಿಕೊಂಡಿರುತ್ತವೆ. ನೋಡಿ ಮುಗಿದರೆ ಪೆಡಲ್ ದೋಣಿ ಒಂದು ಸುತ್ತು. ಒಂದು ಗಂಟೆ ಸಾಕು. ದಣಿದಿದ್ದರೆ ಬಿಟ್ಟುಬಿಡಿ, ನಷ್ಟವೇನಿಲ್ಲ.

ತಾವರೆಕಟ್ಟೆ
ಬೆಟ್ಟಕ್ಕೆ ಸೋಮವಾರ ಸಂಜೆ. ಮಕ್ಕಳು ಮಧ್ಯಾಹ್ನ ಮಲಗಿ ಎದ್ದ ಮೇಲೆ, ಅರಮನೆ ಹತ್ತಿರದ ಸಿಟಿ ಬಸ್ ನಿಲ್ದಾಣದಿಂದ 201ನೇ ನಂಬರ್ ಬಸ್ಸು ತುದಿಯವರೆಗೂ ಬಿಡುತ್ತೆ, ಅತ್ತೆಯವರು ಒಂದು ಮೆಟ್ಟಿಲನ್ನೂ ಹತ್ತಬೇಕಾಗಿಲ್ಲ. ಆದರೆ ಹೊತ್ತು ನೋಡಿಕೊಳ್ಳಿ: ದೇವಸ್ಥಾನ ಮಧ್ಯಾಹ್ನ 2ರಿಂದ 3.30 ಮುಚ್ಚಿರುತ್ತೆ, ಸಂಜೆ 6ರಿಂದ 7.30 ಅಭಿಷೇಕಕ್ಕಾಗಿ ದರ್ಶನ ಇಲ್ಲ. ನಾಲ್ಕೂವರೆಗೆ ಮೇಲಿದ್ದರೆ ದರ್ಶನ ಮುಗಿಸಿಕೊಂಡು ಊರಿನ ದೀಪ ಹತ್ತುವುದನ್ನು ನೋಡಿ ಇಳಿಯಬಹುದು. ಮಂಗಳವಾರ, ಶುಕ್ರವಾರ ಅಮ್ಮನವರ ವಾರ, ಜನ ಜಾಸ್ತಿ.

ಸಾವಿರ ಮೆಟ್ಟಿಲನ್ನು ಮಗಳು ಹತ್ತಬೇಕೆಂದು ಹಟ ಮಾಡಿದರೆ ಕೆಳಗಿನಿಂದ ಶುರು ಮಾಡಬೇಡಿ. ಮೇಲಿನಿಂದ ನಂದಿಯವರೆಗೆ ಇಳಿಯಿರಿ, ಮುನ್ನೂರು ಮೆಟ್ಟಿಲಿನ ಆಸುಪಾಸು. ನಂದಿ ಹತ್ತಿರಕ್ಕೆ ರಸ್ತೆ ಇದೆ, ಆಟೋ ಮಾಡಿಕೊಂಡಿದ್ದರೆ ಮಿಕ್ಕವರು ಅದರಲ್ಲಿ ಅಲ್ಲಿಗೆ ಬಂದು ಸೇರಬಹುದು. 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಮಾಡಿಸಿದ ಏಕಶಿಲೆಯ ನಂದಿ, ಕೊರಳಿನ ಗಂಟೆಸರ ನೋಡುವುದಕ್ಕೇ ಮಕ್ಕಳಿಗೆ ಹತ್ತು ನಿಮಿಷ ಬೇಕು. ಬಾಳೆಹಣ್ಣು, ತೆಂಗಿನಕಾಯಿ ಬ್ಯಾಗಿನೊಳಗೆ ಇರಲಿ. ಕೈಯಲ್ಲಿ ಕವರ್ ಕಂಡರೆ ಕೋತಿ ಬಿಡುವುದಿಲ್ಲ, ಅದರಲ್ಲೂ ಮಕ್ಕಳ ಕೈಯಿಂದಲೇ ಕಿತ್ತುಕೊಳ್ಳುತ್ತವೆ.

ಅಗ್ರಹಾರ_ವೃತ್ತ
ಅರಮನೆಗೆ ಬರೋಣ. 10ರಿಂದ 5.30. ಪ್ರವೇಶ ದಕ್ಷಿಣದ ವರಾಹ ದ್ವಾರದಿಂದ. ಬಸ್ ನಿಲ್ದಾಣದ ಕಡೆಯಿಂದ ಬಂದವರು ಎದುರಿಗೆ ಕಂಡ ಗೇಟಿಗೆ ಹೋಗಿ ಅಲ್ಲಿಂದ ಗೋಡೆ ಸುತ್ತಿಕೊಂಡು ಬರುವುದು ಮಾಮೂಲು. ಆಟೋದವರಿಗೆ 'ವರಾಹ ಗೇಟ್' ಎಂದೇ ಹೇಳಿ.

ಗೇಟಿನ ಆಸುಪಾಸಿನಲ್ಲಿ 'ಈಗ ಅರಮನೆ ಮುಚ್ಚಿದೆ, ಪೂಜೆ ನಡೀತಿದೆ, ಎರಡು ಗಂಟೆಗೆ ತೆಗೀತಾರೆ, ಅಷ್ಟರಲ್ಲಿ ಮಾರ್ಕೆಟ್ಟು, ಅಗರಬತ್ತಿ ಮಾಡೋದು ತೋರಿಸ್ತೀನಿ' ಎಂದು ಯಾರಾದರೂ ಗಂಟು ಬಿದ್ದರೆ ತಿರುಗಿಯೂ ನೋಡದೆ ಕೌಂಟರಿಗೆ ಹೋಗಿ. ಕಮಿಷನ್ ಅಂಗಡಿಗೆ ಕರೆದೊಯ್ಯುವ ಹಳೇ ಆಟ ಅದು. ಆಟೋ ಹತ್ತುವಾಗಲೂ 'ಸಿಲ್ಕ್ ಫ್ಯಾಕ್ಟರಿ ಫ್ರೀ' ಅಂದರೆ ಇಳಿದುಬಿಡಿ.

ಚಪ್ಪಲಿ ಹೊರಗೆ ಬಿಡಬೇಕು. ಹನ್ನೊಂದರ ಮೇಲೆ ಅಂಗಳದ ಕಲ್ಲು ಕಾಯುತ್ತೆ. ಎಲ್ಲರಿಗೂ ಒಂದೊಂದು ಜೊತೆ ಕಾಲುಚೀಲ ಬ್ಯಾಗಿನಲ್ಲಿರಲಿ, ಅತ್ತೆಯವರಿಗಂತೂ ಖಂಡಿತ. ಒಳಗೆ ಕೆಳ ಅಂತಸ್ತಿನಲ್ಲಿ ಗೊಂಬೆ ತೊಟ್ಟಿ, ಕಲ್ಯಾಣ ಮಂಟಪ. ಆಮೇಲೆ ದರ್ಬಾರ್ ಹಾಲಿಗೆ ಮೆಟ್ಟಿಲು. ಅತ್ತೆಯವರು ಮೆಟ್ಟಿಲ ಹತ್ತಿರ ಸಿಬ್ಬಂದಿಯನ್ನು ಕೇಳಿಕೊಂಡು ಕೆಳಗೇ ಉಳಿಯಬಹುದು. ಹೇಗೂ ಅಷ್ಟು ಹೊತ್ತಿಗೆ ಅರಮನೆಯಲ್ಲಿ ನೋಡಲೇಬೇಕಾದ ಜಾಗ, ಕಲ್ಯಾಣ ಮಂಟಪ, ಆಗಿಹೋಗಿರುತ್ತೆ. ಎಂಟು ಮೂಲೆಯ ಹಾಲು, ಮೇಲೆ ನವಿಲಿನ ಬಣ್ಣದ ಗಾಜು, ಗ್ಲಾಸ್ಗೋದಲ್ಲಿ ಎರಕ ಹೊಯ್ದ ಕಬ್ಬಿಣದ ಕಂಬ. ಸುತ್ತ ಗೋಡೆಯ ಮೇಲೆ ದಸರಾ ಮೆರವಣಿಗೆಯ 26 ಚಿತ್ರಗಳಿವೆ. ಜನ ಕತ್ತು ಎತ್ತಿ ಚಾವಣಿ ನೋಡಿಕೊಂಡು ಇವನ್ನು ದಾಟಿ ಹೋಗಿಬಿಡುತ್ತಾರೆ. ಮಗಳಿಗೆ ಕೆಲಸ ಕೊಡಿ: ಪ್ರತಿ ಚಿತ್ರದಲ್ಲೂ ಆನೆ ಎಷ್ಟು, ವಾದ್ಯ ಯಾವುದು, ಬಿಸಿಲಿಗೆ ಕೊಡೆ ಹಿಡಿದವರು ಯಾರು. ಅರ್ಧ ಗಂಟೆ ಸದ್ದಿಲ್ಲದೆ ಕಳೆಯುತ್ತೆ. ಈ ಕಟ್ಟಡಕ್ಕಿಂತ ಮೊದಲಿದ್ದ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆ ಹೊತ್ತಿನಲ್ಲಿ ಸುಟ್ಟುಹೋಗಿ, 1912ಕ್ಕೆ ಇದು ಎದ್ದಿತು. ಮಕ್ಕಳಿಗೆ ಹೇಳಲು ಅಷ್ಟು ಇತಿಹಾಸ ಸಾಕು.

ಸಂಜೆ ದೀಪ 7ಕ್ಕೆ. ಸುಮಾರು ಒಂದು ಲಕ್ಷ ಬಲ್ಬು ಒಂದೇ ಸಲ ಹೊತ್ತಿಕೊಳ್ಳುತ್ತವೆ, ಆ ಕ್ಷಣ ತಪ್ಪಿದರೆ ಅರ್ಧ ಮಜಾ ಹೋಯಿತು. 6.30ಕ್ಕೇ ಒಳಗಿರಿ. ಅರಮನೆಗೆ ತೀರಾ ಹತ್ತಿರ ಹೋಗಬೇಡಿ, ಮುಂದೆ ನಿಂತವರ ಮೊಬೈಲ್ ಬಿಟ್ಟರೆ ಚಿಕ್ಕವನಿಗೆ ಏನೂ ಕಾಣಲ್ಲ. ಹಿಂದೆ ಹುಲ್ಲುಹಾಸಿನ ಅಂಚಿನಲ್ಲಿ ನಿಂತರೆ ಗೋಪುರ ಪೂರ್ತಿ ಕಾಣುತ್ತೆ, ಹೊರಡಲೂ ಸುಲಭ. ಡಿಸೆಂಬರ್ ಕೊನೆಯಲ್ಲಿ ಅರಮನೆ ಆವರಣದಲ್ಲೇ ಮಾಗಿ ಉತ್ಸವದ ಫಲಪುಷ್ಪ ಪ್ರದರ್ಶನ ಇರುವುದು ವಾಡಿಕೆ. ಆಗ ನೂಕುನುಗ್ಗಲು ದುಪ್ಪಟ್ಟು. ಚಿಕ್ಕವನ ಜೇಬಿನಲ್ಲಿ ಫೋನ್ ನಂಬರ್ ಬರೆದ ಚೀಟಿ ಇಡಿ.

ಇಟ್ಟಿಗೆಗೂಡು_ನಿವಾಸಿ
ಬೆಳಗ್ಗೆ ಅರಮನೆ, ಸಂಜೆ ದೀಪ ಅಂದರೆ ನಡುವೆ ಹೊತ್ತು ಉಳಿಯುತ್ತೆ. ಮಧ್ಯಾಹ್ನ ಎರಡು ಗಂಟೆ ರೂಮಿನಲ್ಲಿ ಮಲಗಿಸಿ, ಆಮೇಲೆ ಎರಡರಲ್ಲಿ ಒಂದು. ರೈಲು ಮ್ಯೂಸಿಯಂ ಸ್ಟೇಷನ್ ಹತ್ತಿರ, ಸಿಎಫ್‌ಟಿಆರ್‌ಐ ಎದುರಿಗೆ, 1979ರದ್ದು. ಹಬೆ ಇಂಜಿನ್ನು, ಮಹಾರಾಣಿಯವರ ಸಲೂನ್ ಬೋಗಿ, ಒಂದು ಪುಟ್ಟ ರೈಲು ಸವಾರಿ. ಮೂರು ವರ್ಷದವನಿಗೆ ಅರಮನೆಗಿಂತ ಇದೇ ಹಿಡಿಸುತ್ತೆ. ಇಲ್ಲವೇ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ಕಾರಂಜಿ ಕೆರೆ ಅಂಚಿನಲ್ಲಿ, ಭಾನುವಾರ ತೆರೆದಿರುತ್ತೆ. ಬಿಸಿಲಿದ್ದರೆ ಅದು, ಇಲ್ಲದಿದ್ದರೆ ರೈಲು. ಎರಡೂ ಬೇಡ.

ಪಶ್ಚಿಮವಾಹಿನಿ
ಮಂಗಳವಾರದ ರಂಗನತಿಟ್ಟು ಒಳ್ಳೆಯ ಆಯ್ಕೆ. ಬೆಳಗ್ಗೆ 9ಕ್ಕೆ ತೆರೆಯುತ್ತೆ. ಸಿಟಿ ಬಸ್ ನಿಲ್ದಾಣದಿಂದ ಶ್ರೀರಂಗಪಟ್ಟಣಕ್ಕೆ ಬಸ್ಸು ಪದೇ ಪದೇ ಇವೆ. ಅಲ್ಲಿಂದ ಪಕ್ಷಿಧಾಮಕ್ಕೆ ಆಟೋ. ಇಲ್ಲೇ ಎಲ್ಲರೂ ಸಿಕ್ಕಿಬೀಳುವುದು: ಹೋಗುವ ಆಟೋ ಸಿಗುತ್ತೆ, ವಾಪಸ್ ಬರಲು ಗೇಟಿನಲ್ಲಿ ಆಟೋ ಇರಲ್ಲ. ಕಾಯುವುದೂ ಸೇರಿಸಿ ಹೋಗಿಬರುವ ಬಾಡಿಗೆಯನ್ನು ಮೊದಲೇ ಮಾತಾಡಿ. ಅದೇ ಆಟೋದಲ್ಲಿ ದರಿಯಾ ದೌಲತ್, ರಂಗನಾಥಸ್ವಾಮಿ ದೇವಸ್ಥಾನ ಮುಗಿಸಿಕೊಳ್ಳಬಹುದು.

ಪ್ರವೇಶಕ್ಕೆ ಒಂದು ಟಿಕೆಟ್, ದೋಣಿಗೆ ಇನ್ನೊಂದು. ಒಳಗೆ ಬಂದವರೇ ಮೊದಲು ದೋಣಿ ಕೌಂಟರಿಗೆ ಹೋಗಿ. ಲೈಫ್ ಜಾಕೆಟ್ ಕೊಡುತ್ತಾರೆ. ಚಿಕ್ಕವನಿಗೆ ದೊಡ್ಡವರ ಜಾಕೆಟ್ ಹಾಕಿದರೆ ಕೊರಳಿಂದ ಜಾರುತ್ತೆ, ಮಕ್ಕಳ ಅಳತೆಯದ್ದನ್ನೇ ಕೇಳಿ ತೆಗೆದುಕೊಂಡು ಪಟ್ಟಿ ಬಿಗಿಯಿರಿ. ಕೈ ಹೊರಗೆ ಚಾಚುವ ಹಾಗಿಲ್ಲ, ನೀರಿನಲ್ಲಿರುವುದು ನಿಜವಾದ ಮೊಸಳೆ. ಚಳಿಗಾಲದ ಬೆಳಗ್ಗೆ ಅವು ಮೈ ಕಾಯಿಸಿಕೊಳ್ಳಲು ಬಂಡೆ ಮೇಲೆ ಬರುತ್ತವೆ, ಬಿಸಿಲೇರಿದ ಮೇಲೆ ನೀರಿಗಿಳಿಯುತ್ತವೆ. ಹತ್ತು ಗಂಟೆ ಆಸುಪಾಸಿನ ದೋಣಿಯಲ್ಲಿ ಬಾಯಿ ತೆರೆದು ಮಲಗಿದ್ದು ಹತ್ತಿರದಿಂದಲೇ ಕಾಣಬಹುದು. ಹಕ್ಕಿ ಗೂಡು ತುಂಬಿ ತುಳುಕುವುದು ಫೆಬ್ರವರಿ ಮೇಲೆ. ಡಿಸೆಂಬರ್‌ನಲ್ಲಿ ಬಣ್ಣದ ಕೊಕ್ಕರೆಗಳು ಸೇರಲು ಶುರುವಾಗಿರುತ್ತವೆ, ನೀರುಕಾಗೆ, ಬಾವಲಿಗಳು ಇದ್ದೇ ಇರುತ್ತವೆ. ಮಳೆಗಾಲದಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ, ನಿಮಗೆ ಆ ಚಿಂತೆಯಿಲ್ಲ.

ಆಟೋದವರು ಬಲಮುರಿ, ಎಡಮುರಿ ತೋರಿಸ್ತೀನಿ ಅಂತಾರೆ. ಮಕ್ಕಳನ್ನು ಕಟ್ಟಿಕೊಂಡು ಬೇಡ. ನೋಡಲು ಮೊಣಕಾಲುದ್ದ ನೀರು, ಆದರೆ ಕಟ್ಟೆ ಪಾಚಿ ಹಿಡಿದು ಜಾರುತ್ತೆ, ಕೆಳಗೆ ಸುಳಿ ಇದೆ. ಅಲ್ಲಿ ಜೀವ ಹೋದ ಸುದ್ದಿ ಮತ್ತೆ ಮತ್ತೆ ಬರುತ್ತಲೇ ಇರುತ್ತೆ.

ಸರಸ್ವತಿಪುರಂ_ಮಾಮಿ
ಊಟದ ಮಾತು ಯಾರೂ ಎತ್ತಲಿಲ್ಲ! ಮೈಲಾರಿ ದೋಸೆ ನಜರ್‌ಬಾದಿನಲ್ಲಿ, ಜೂಗೆ ಹತ್ತಿರವೇ. ಮೆತ್ತಗಿರುವುದರಿಂದ ಹಲ್ಲು ಗಟ್ಟಿಯಿಲ್ಲದವರಿಗೂ ಮಗುವಿಗೂ ಆಗುತ್ತೆ. ಮಗುವಿಗೆ ಸಾಗು ಹಾಕದೆ ಬರೀ ಬೆಣ್ಣೆ ಅಂತ ಹೇಳಿ. ಆದರೆ ಜೂಗೆ ಮೊದಲು ಅಲ್ಲಿಗೆ ಹೋದರೆ ಸಾಲಿನಲ್ಲೇ ಒಂಬತ್ತಾಗುತ್ತೆ. ಭಾನುವಾರ ಬೆಳಗ್ಗೆ ಅರಮನೆ ತೆರೆಯುವ ಮುಂಚೆ ತಿಂದುಬಿಡಿ, ಸೋಮವಾರ ರೂಮಿನ ಪಕ್ಕದ ಇಡ್ಲಿ ಸಾಕು. ಅತ್ತೆಯವರಿಗೆ ಮೂರು ದಿನ ಅನ್ನ ಸಾರು ಅಂದರೆ ಬೇಜಾರಾದೀತು, ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡೇ ಬನ್ನಿ.

ಮತ್ತೊಂದು, ಇರಲಿ ಅಂತ: ಮಕ್ಕಳಿಗೆ ಜ್ವರ, ವಾಂತಿ ಆದರೆ ಚೆಲುವಾಂಬ ಆಸ್ಪತ್ರೆ, ಹೆಂಗಸರು ಮಕ್ಕಳಿಗೆಂದೇ ಇರುವ ಸರ್ಕಾರಿ ಆಸ್ಪತ್ರೆ, ರೈಲ್ವೆ ಸ್ಟೇಷನ್ನಿಗೆ ದೂರವಿಲ್ಲ.

ಕುವೆಂಪುನಗರ_ಬಸ್_ಪಾಸ್
ಬಸ್ಸಿನ ಲೆಕ್ಕ. ನಿಮಗೆ, ಅತ್ತೆಯವರಿಗೆ, ಮಗಳಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಉಚಿತ. ಮೂವರ ಆಧಾರ್ ಕೈಯಲ್ಲಿರಲಿ. ಟಿಕೆಟ್ ದುಡ್ಡಿಲ್ಲ ಅಂತ ಚೀಟಿ ಕೇಳದೆ ಕೂರಬೇಡಿ, ಶೂನ್ಯ ಟಿಕೆಟ್ ಇಸ್ಕೊಳ್ಳಲೇಬೇಕು. ಚಿಕ್ಕವನಿಗೆ ಟಿಕೆಟ್ ಬೇಡ. ದುಡ್ಡು ಕೊಡುವವರು ನಿಮ್ಮ ಯಜಮಾನರೊಬ್ಬರೇ. ಎಸಿ ಬಸ್ಸಿಗೆ ಶಕ್ತಿ ನಡೆಯಲ್ಲ, ಹತ್ತುವ ಮೊದಲು ಬೋರ್ಡ್ ನೋಡಿ.

ಜಾಕಿ_ಕ್ವಾರ್ಟರ್ಸ್
ಪ್ರಶ್ನೆ ಸ್ವಲ್ಪ ಹೊರಗಿನದ್ದು. ಇದೇ ತರಹ ಮಕ್ಕಳನ್ನು ದಸರಾಗೆ ಕರೆದುಕೊಂಡು ಬರುವವರು ಏನು ಮಾಡಬೇಕು? ಜಂಬೂ ಸವಾರಿ ದಿನ ತೋರಿಸಬಹುದಾ?

ಅಗ್ರಹಾರ_ವೃತ್ತ
ಐದು ವರ್ಷದೊಳಗಿನವರಿಗೆ ಜಂಬೂ ಸವಾರಿ ರಸ್ತೆ ಬದಿಯಲ್ಲಿ ಬೇಡ. ಜಾಗ ಹಿಡಿಯಲು ಬೆಳಗ್ಗೆಯೇ ಕೂರಬೇಕು, ಶೌಚಕ್ಕೆ ಎದ್ದರೆ ಜಾಗ ಹೋಯಿತು. ಅದರ ಬದಲು ತಾಲೀಮು ನೋಡಿ. ಆನೆಗಳು ಅರಮನೆಗೆ ಬಂದ ಮೇಲೆ ವಾರಗಟ್ಟಲೆ ದಿನಾ ಬೆಳಗ್ಗೆ ಏಳರ ಆಸುಪಾಸು, ಸಂಜೆ ಇನ್ನೊಮ್ಮೆ, ಸಯ್ಯಾಜಿರಾವ್ ರಸ್ತೆ ಹಿಡಿದು ಬನ್ನಿಮಂಟಪದವರೆಗೆ 5 ಕಿಲೋಮೀಟರ್ ನಡೆಯುತ್ತವೆ. ಟಿಕೆಟ್ ಇಲ್ಲ, ಫುಟ್‌ಪಾತ್‌ನಲ್ಲಿ ನಿಂತರಾಯಿತು. ಹಬ್ಬ ಹತ್ತಿರವಾದಂತೆ ಬೆನ್ನಿಗೆ ಮರಳಿನ ಮೂಟೆ, ಆಮೇಲೆ ಮರದ ಅಂಬಾರಿ ಏರಿಸುತ್ತಾರೆ; ನಿಜವಾದ ಅಂಬಾರಿ 750 ಕಿಲೋ, ಆ ಭಾರಕ್ಕೆ ಆನೆ ಒಗ್ಗಬೇಕಲ್ಲ. ಕುಶಾಲತೋಪು ಸಿಡಿಸುವ ತಾಲೀಮಿನ ದಿನ ಮಾತ್ರ ಸಣ್ಣವರನ್ನು ದೂರ ಇಡಿ, ಸದ್ದು ಎದೆಗೆ ಬಡಿಯುತ್ತೆ.

ವಿದ್ಯಾನಗರ_ಹುಬ್ಬಳ್ಳಿ
ಹೊಸಾದಾಗಿ ಬರದೇನ್ರಿ ನೋಡ್ರಿ. ಭಾನುವಾರ ಮೈಲಾರಿ, ಅರಮನಿ, ಮಧ್ಯಾಹ್ನ ನಿದ್ದಿ, ರೈಲು ಮ್ಯೂಸಿಯಂ, ದೀಪ. ಸೋಮವಾರ 8.30ಕ್ಕ ಜೂ, ಆದ್ರ ಕಾರಂಜಿ, ಸಂಜಿಮುಂದ 201 ಹಿಡದು ಬೆಟ್ಟ. ಮಂಗಳವಾರ ರಂಗನತಿಟ್ಟು, ಪಟ್ಟಣ. ಕೆಆರ್‌ಎಸ್ ಈ ಸಲ ಬ್ಯಾಡ, ಮಗಳು ಸಿಟ್ಟಾದ್ರ ಆಗ್ಲಿ. ಒಂದ ಸಂಶಯ: ಮಂಗಳವಾರ ಮುಂಜಾನೆ ರೂಮ್ ಖಾಲಿ ಮಾಡಿದ ಮ್ಯಾಲ ರಾತ್ರಿ ತನಕ ಸಾಮಾನು ಎಲ್ಲಿ ಇಡೂದ್ರಿ?

ಕುವೆಂಪುನಗರ_ಬಸ್_ಪಾಸ್
ರೈಲ್ವೆ ಸ್ಟೇಷನ್ ಕ್ಲೋಕ್ ರೂಮ್. ರೈಲಿನ ಟಿಕೆಟ್ ತೋರಿಸಬೇಕು, ಬ್ಯಾಗಿಗೆ ಬೀಗ ಇರಲೇಬೇಕು. ಜಿಪ್ಪಿಗೆ ಹಾಕುವ ಚಿಕ್ಕ ಬೀಗ ಊರಿಂದಲೇ ತನ್ನಿ. ಬಟ್ಟೆಯ ಕೈಚೀಲ, ಬಾಯಿ ಕಟ್ಟಿದ ಗಂಟು ತೆಗೆದುಕೊಳ್ಳಲ್ಲ, ರೊಟ್ಟಿ ಡಬ್ಬಿ ದೊಡ್ಡ ಬ್ಯಾಗಿನೊಳಗೇ ಹೋಗಲಿ. ರಸೀದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಮಗುವಿನ ಒಂದು ಜೊತೆ ಬಟ್ಟೆ ಮಾತ್ರ ಕೈಯಲ್ಲಿರಲಿ.